ಮೇಷ್ಟ್ರು ರಿಪೇರಿ ಮಾಡಿದ ಮನೆ

"ಇಪ್ಪತ್ತಾರು ವರ್ಷದಿಂದ ಈ ಮನೆಯ ಒಂದು ಮೊಳೆಗೂ ಹೊರಗಿನವರ ಕೈ ತಾಗಿಲ್ಲ! ತಪಾಸಣೆ ಮಾಡೋನು ಬರಲಿ, ನೋಡಲಿ, ಕಲಿತುಕೊಂಡು ಹೋಗಲಿ!"

ನಿವೃತ್ತ ಭೂಗೋಳದ ಮೇಷ್ಟ್ರು ನಡುಮನೆಯಲ್ಲಿ ನಿಂತು ಹೀಗೆ ಘೋಷಣೆ ಹೊರಡಿಸಿದರು. ಅವರ ಹೆಂಡತಿಯ ಮಂಡಿ ಕೈಕೊಟ್ಟು ವರ್ಷವಾಗಿತ್ತು. ಅಡುಗೆಮನೆ ಕೆಳಗೆ, ಮಲಗುವ ಕೋಣೆ ಮೇಲೆ. ನಡುವೆ ಹದಿನಾಲ್ಕು ಮೆಟ್ಟಿಲು. ಹತ್ತುವಾಗೊಂದು "ಅಮ್ಮಾ", ಇಳಿಯುವಾಗೊಂದು "ಅಯ್ಯೋ". ಕೇಳಿ ಕೇಳಿ ಮೇಷ್ಟ್ರ ಕರುಳು ಚುರುಕ್ಕೆಂದಿತ್ತು. ಈ ಮನೆ ಮಾರಿ, ಪಕ್ಕದ ಬೀದಿಯಲ್ಲಿ ಮೆಟ್ಟಿಲೇ ಇಲ್ಲದ ಪುಟ್ಟ ಮನೆ ಕೊಳ್ಳುವುದೆಂದು ತೀರ್ಮಾನವಾಯಿತು. ಮೊದಲೇ ತಪಾಸಣೆ ಮಾಡಿಸಿ ಒಳ್ಳೆಯ ವರದಿ ಇಟ್ಟುಕೊಂಡರೆ ಕೊಳ್ಳುವವರು ತಕರಾರು ತೆಗೆಯುವುದಿಲ್ಲ ನೋಡಿ!

"ಯಾರನ್ನ ಕರೆಸಿದೀರಿ?" ಎಂದರು ಹೆಂಡತಿ.

"ಭಾರೀ ಗಟ್ಟಿಗನಂತೆ. ಮೊದಲು ಕೊಳಾಯಿ ಕೆಲಸ ಮಾಡ್ತಿದ್ದನಂತೆ."

ಆಕೆಯ ಕೈಯಲ್ಲಿದ್ದ ಲೋಟ ಠಣ್ಣೆಂದು ಕೆಳಗೆ ಬಿತ್ತು. "ಬೇರೆ ಯಾರೂ ಸಿಗಲಿಲ್ವಾ?"

"ಯಾಕೆ, ನನ್ನ ಕೆಲಸದ ಮೇಲೆ ನಂಬಿಕೆ ಇಲ್ವಾ?"

"ಹಾಗಲ್ಲ ಕಣ್ರೀ..."

ಅಷ್ಟರಲ್ಲಿ ತಪಾಸಣೆಯವನು ಬಂದೇಬಿಟ್ಟ. ಚಪ್ಪಲಿ ಬಿಟ್ಟವನೇ ಮೆಟ್ಟಿಲ ಕೆಳಗಿನ ಕತ್ತಲ ಗೂಡಿಗೆ ನುಗ್ಗಿ, ಬಾಗಿಲ ಹಿಂದೆ ಕೈಹಾಕಿ ಟಪಕ್ಕನೆ ದೀಪ ಹಚ್ಚಿದ.

"ನೋಡಿದ್ಯೇನೇ! ಸ್ವಿಚ್ಚನ್ನ ವಾಸನೆಯಿಂದಲೇ ಹಿಡಿದುಬಿಟ್ಟ!"

ಬಚ್ಚಲಲ್ಲಿ ನಲ್ಲಿಯನ್ನು ಮೊದಲ ಸಲಕ್ಕೇ ಉಲ್ಟಾ ತಿರುಗಿಸಿದ. ಆ ನಲ್ಲಿ ತೆರೆಯುವುದೇ ಹಾಗೆ.

"ಅದು ಹೇಗಪ್ಪಾ ಗೊತ್ತಾಯ್ತು ನಿನಗೆ?"

"ಅನುಭವ ಸಾರ್," ಎಂದು ಅವನು ಯಜಮಾನಿಯ ಕಡೆ ನೋಡಿದ. ಯಜಮಾನಿ ಸೂರು ನೋಡಿದರು.

ಅಡುಗೆಮನೆಯ ಸಿಂಕಿನ ಕೆಳಗೆ ಅವನು ಬಗ್ಗಿದಾಗ ಮೇಷ್ಟ್ರೂ ಬಗ್ಗಿದರು. "ಈ ಪೈಪು ಜೋಡಿಸಿದವನು ನಾನೇ! ಹನ್ನೊಂದು ವರ್ಷ, ಒಂದು ಹನಿ ಸೋರಿಲ್ಲ!"

"ಎಲ್ಲಿ ಸೋರತ್ತೆ ಸಾರ್? ಹಿತ್ತಾಳೆ ವಾಷರು ಹಾಕಿದೀನಿ ಅಂತ ಆವತ್ತೇ ಅಕ್ಕನಿಗೆ..." ಎಂದವನು ನಾಲಿಗೆ ಕಚ್ಚಿಕೊಂಡ.

"ಯಾವತ್ತು?"

ಅವನು ಸಿಂಕಿನ ಕೆಳಗೆ ಇನ್ನಷ್ಟು ತಲೆ ತೂರಿಸಿದ. ಕೊನೆಗೆ ಹೆಂಡತಿಯೇ ಬಾಯಿಬಿಟ್ಟರು. "ಸೋಮವಾರ. ನೀವು ಭಾನುವಾರ ರಿಪೇರಿ ಮಾಡ್ತಿದ್ರಿ. ಸೋಮವಾರ ನೀವು ಸ್ಕೂಲಿಗೆ ಹೋದಮೇಲೆ ಇವನು ಬರ್ತಿದ್ದ."

"ಪ್ರತಿ ಸೋಮವಾರ?!"

"ಸ್ಕೂಲಿಗೆ ರಜಾ ಇದ್ರೆ ಮಂಗಳವಾರ ಸಾರ್," ಎಂದು ತಪಾಸಣೆಯವನು ಪ್ರಾಮಾಣಿಕವಾಗಿ ತಿದ್ದಿದ.

"ಮತ್ತೆ ಕರೆಂಟಿಂದು?"

"ಅದಕ್ಕೆ ಇವನ ಭಾವಮೈದ."

"ಮಹಡಿ ಕಿಟಕಿ?"

"ಅದಕ್ಕೆ ಇಬ್ಬರೂ ಬೇಕಾದ್ರು."

ಮೇಷ್ಟ್ರು ಅಲ್ಲೇ ನೆಲದ ಮೇಲೆ ಕುಸಿದು ಕೂತರು. "ಒಂದು ಮಾತು ನನಗೆ ಹೇಳಬಾರದಿತ್ತಾ?"

"ಹೇಗ್ರೀ ಹೇಳೋದು? ಮುಖಕ್ಕೆಲ್ಲ ಮಸಿ ಬಳಕೊಂಡು, 'ಹೇಗಿದೆಯೇ?' ಅಂತ ಬಂದು ನಿಲ್ತಿದ್ರಿ. ಆ ಮುಖ ನೋಡೋಕೆ ನಂಗೆಷ್ಟು ಇಷ್ಟ ಗೊತ್ತಾ? ಪೈಪಿಗೇನು, ಒಂದು ದಿನ ತಡವಾದ್ರೆ ಪ್ರಾಣ ಹೋಗಲ್ಲ."

ಮೇಷ್ಟ್ರ ಕಣ್ಣು ತುಂಬಿಬಂತು. ಅವಮಾನಕ್ಕೋ ಪ್ರೀತಿಗೋ ಅವರಿಗೇ ತಿಳಿಯಲಿಲ್ಲ. "ಹಾಗಾದ್ರೆ ನಾನು ಮಾಡಿದ್ದು ಅಂತ ಒಂದೂ ಉಳಿದಿಲ್ವೇನೇ?"

ಆಕೆ ಅವರನ್ನು ಎಬ್ಬಿಸಿ ಮೆಟ್ಟಿಲ ಹತ್ತಿರ ಕರೆದೊಯ್ದು, ಗೋಡೆಯ ಹಿಡಿಕಂಬಿಯ ಮೇಲೆ ಅವರ ಕೈ ಇಟ್ಟರು. "ಇದು. ನನ್ನ ಮಂಡಿ ನೋವು ನೋಡಲಾರದೆ ಹಾಕಿದ್ರಲ್ಲ, ಇದಕ್ಕೆ ಯಾರನ್ನೂ ಕರೆಸಿಲ್ಲ."

ತಪಾಸಣೆಯವನು ಕಂಬಿಗೆ ಎರಡೂ ಕೈಯಿಂದ ಜೋತುಬಿದ್ದ. ಕಂಬಿ ಅಲುಗಲಿಲ್ಲ! "ನಾಲ್ಕು ಸ್ಕ್ರೂ ಸಾಕಾಗಿತ್ತು ಸಾರ್, ನಲವತ್ತು ಹೊಡೆದಿದೀರಿ! ಇದನ್ನ ಕೀಳಬೇಕಾದ್ರೆ ಗೋಡೆಯನ್ನೇ ಕೀಳಬೇಕು!" ವರದಿಯಲ್ಲಿ 'ಮನೆ ಉತ್ತಮ ಸ್ಥಿತಿಯಲ್ಲಿದೆ' ಎಂದು ಬರೆದು ಸಹಿ ಹಾಕಿದ.

ಅಷ್ಟು ಸಾಕಾಯಿತು. ಮೇಷ್ಟ್ರ ಎದೆ ಮತ್ತೆ ಉಬ್ಬಿತು. ತಪಾಸಣೆಯವನ ಚೀಲದಿಂದಲೇ ಸ್ಕ್ರೂಡ್ರೈವರ್ ಸೆಳೆದು ಮೇಲೆತ್ತಿದರು. "ಹೊಸ ಮನೇಲೂ ಮೊದಲು ನಿನಗೆ ಇಂಥದೇ ಕಂಬಿ ಹಾಕಿಕೊಡ್ತೀನಿ!"

"ಅಲ್ಲಿ ಮೆಟ್ಟಿಲೇ ಇಲ್ಲವಲ್ರೀ!"

ಎತ್ತಿದ ಕೈ ಎತ್ತಿದಂತೆಯೇ ನಿಂತಿತು.

"ಅಲ್ಲಿ ನಿಮ್ಮ ಕೈ ಹಿಡ್ಕೊಂಡು ಓಡಾಡ್ತೀನಿ, ಅಷ್ಟು ಸಾಕು," ಎಂದು ಹೆಂಡತಿ ಮೆಲ್ಲಗೆ ಆ ಕೈಯನ್ನು ಇಳಿಸಿದರು. "ಮೊದಲು ಅದರಲ್ಲಿರೋ ಸ್ಕ್ರೂಡ್ರೈವರ್ ಅವನಿಗೆ ಕೊಟ್ಟುಬಿಡಿ."