ಗೋಡೆಯ ಮೇಲಿನ ಫಾರ್ಮಸಿಸ್ಟ್

ಒಂದೇ ಹೊತ್ತಿನಲ್ಲಿ ಎರಡು ಊರುಗಳಲ್ಲಿರುವ ಶಕ್ತಿ ದೇವರಿಗೆ ಮಾತ್ರ ಉಂಟೆಂದು ತಿಳಿದವರಿದ್ದಾರೆ. ತೊಂಬತ್ತರ ದಶಕದಲ್ಲಿ ಅದು ನನಗೂ ಇತ್ತು. ದೇಹವು ನಂಜನಗೂಡಿನ ಕಾರ್ಖಾನೆಯೊಂದರ ಉಗ್ರಾಣದಲ್ಲಿ ನಟ್ಟು ಬೋಲ್ಟುಗಳನ್ನು ಕಾಯುತ್ತಿದ್ದಾಗ, ನನ್ನ ಫಾರ್ಮಸಿ ಸರ್ಟಿಫಿಕೇಟು ತಿ. ನರಸೀಪುರದಲ್ಲಿ, ಗೆಳೆಯ ಮಾದಪ್ಪನ ಔಷಧದ ಅಂಗಡಿಯ ಗೋಡೆಯ ಮೇಲೆ ಫೋಟೋ ಸಮೇತ ವ್ಯಾಪಾರ ನೋಡಿಕೊಳ್ಳುತ್ತಿತ್ತು. ಓದಿದವನಿಲ್ಲದೆ ಮಾತ್ರೆ ಮಾರಕೂಡದೆಂಬುದು ಸರ್ಕಾರದ ಕಾನೂನು. ಮಾರುತ್ತಿದ್ದವನು ಮಾದಪ್ಪನ ಭಾಮೈದ. ಓದಿದವನು ಮೊಳೆಗೆ ನೇತಾಡುತ್ತಿದ್ದ. ಈ ಸೇವೆಗಾಗಿ ಸುಗ್ಗಿಗೊಂದು ಮೂಟೆ ಸಣ್ಣಕ್ಕಿ ನಮ್ಮ ಮನೆಗೆ ಬರುತ್ತಿತ್ತು. ವರ್ಷಕ್ಕೊಮ್ಮೆ ಮಾತ್ರ ನಾನು ಗೋಡೆಯಿಂದ ಇಳಿಯಬೇಕಿತ್ತು. "ನಾಳೀಕೆ ಡ್ರಗ್ ಇನ್‌ಸ್ಪೆಕ್ಟ್ರು ಬತ್ತಾವ್ರಂತೆ ಕಣ್ಲಾ, ಬಿಳೀ ಕೋಟು ಇಸ್ತ್ರಿ ಮಾಡ್ಸಿವ್ನಿ, ಬಂದ್ಬುಡು" ಎಂದು ಮಾದಪ್ಪ ಫೋನು ಮಾಡುತ್ತಿದ್ದ. ನಾನು ರಜೆ ಹಾಕಿ ಬಸ್ಸು ಹತ್ತುತ್ತಿದ್ದೆ.

ಅಂಥ ಒಂದು ದಿನ, ಇನ್‌ಸ್ಪೆಕ್ಟರು ಬಿಲ್ ಪುಸ್ತಕ ತಿರುವುತ್ತಿದ್ದಾಗ, ಸೋಮನಾಥಪುರದ ಕಡೆಯ ಅಜ್ಜಿಯೊಬ್ಬರು ಬಂದು ಡಾಕ್ಟರ ಚೀಟಿಯನ್ನೂ ಖಾಲಿಯಾದ ಮಾತ್ರೆ ಪಟ್ಟಿಯನ್ನೂ ಚಾಚಿದರು. "ಓದ್ಸಲ ಇದ್ನೇ ಕೊಟ್ಟಿದ್ರು ಸಾ, ಇನ್ನೊಂದ್ ಪಟ್ಟಿ ಕೊಡಿ." ಚೀಟಿಯಲ್ಲಿದ್ದುದು ರಕ್ತದೊತ್ತಡದ ಮಾತ್ರೆ, ಪಟ್ಟಿ ಸಕ್ಕರೆ ಕಾಯಿಲೆಯದು. ಎರಡರ ಹೊದಿಕೆಯೂ ಒಂದೇ ಬಣ್ಣ. ಭಾಮೈದ ಬಣ್ಣ ನೋಡಿ ಕೊಟ್ಟಿದ್ದ. ನನ್ನ ವೃತ್ತಿಜೀವನದಲ್ಲಿ ನಾನು ಓದಿದ ಮೊದಲ ಚೀಟಿ ಅದೇ.

"ಇದನ್ನು ತಿಂದ ಮೇಲೆ ಏನಾದರೂ ಆಯಿತೇನಮ್ಮ?" ಎಂದೆ, ಆದಷ್ಟು ಮೆಲ್ಲಗೆ.

"ಎಲ್ಡ್ ಸಲ ಬೆವ್ತು, ತಲೆ ತಿರ್ಗಿ ಗದ್ದೆ ಬದೀಲಿ ಬಿದ್ಬುಟ್ಟೆ ಕನಪ್ಪ. ವಯ್ಸಾಯ್ತಲ್ವಾ?"

ಇನ್‌ಸ್ಪೆಕ್ಟರು ತಲೆಯೆತ್ತಿದರು. ಬೀಳಿಸಿದ್ದು ವಯಸ್ಸಲ್ಲ, ಆ ಸಕ್ಕರೆ ಮಾತ್ರೆ ಎಂದು ನಿಜ ಹೇಳಿದರೆ ಕೊಟ್ಟವರಾರೆಂದು ಕೇಳುತ್ತಾರೆ. ದಾಖಲೆಯ ಪ್ರಕಾರ ಕೊಟ್ಟವನು ನಾನೇ. "ಹೌದಮ್ಮ, ವಯಸ್ಸು" ಎಂದೆ. ಸರಿಯಾದ ಮಾತ್ರೆ ಕೊಟ್ಟು, "ಕಂಪನಿ ಬದಲಾಗಿದೆ, ಇನ್ನು ಇದನ್ನೇ ತಗೊಳ್ಳಿ, ಹಳೆಯದು ಉಳಿದಿದ್ದರೆ ಎಸೆದುಬಿಡಿ" ಎಂದು ಒಂದು ಸುಳ್ಳನ್ನೂ ಸೇರಿಸಿದೆ. ಅಜ್ಜಿ ಒಮ್ಮೆ ಗೋಡೆಯನ್ನು, ಒಮ್ಮೆ ನನ್ನನ್ನು ನೋಡಿ, "ಪೋಟದಲ್ಲಿರೋ ಸಾ ಇವ್ರೇ! ಓದಿರೋರು ಅವ್ರೆ ಅಂತಾನೇ ನಾನು ಈ ಅಂಗ್ಡಿಗ್ ಬರಾದು" ಎಂದು ಇನ್‌ಸ್ಪೆಕ್ಟರಿಗೇ ಶಿಫಾರಸು ಮಾಡಿ ಹೋದರು. ಇನ್‌ಸ್ಪೆಕ್ಟರು 'ಫಾರ್ಮಸಿಸ್ಟ್ ಹಾಜರು, ತೃಪ್ತಿಕರ' ಎಂದು ಬರೆದುಕೊಂಡರು.

ಸಂಜೆಯೇ ಚೌಕಟ್ಟನ್ನು ಇಳಿಸಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದೆ. "ಒಂದ್ ಪಟ್ಟಿ ಆಚೀಚೆ ಆಯ್ತು ಅಂತ ಇಂಗಾ ಮಾಡಾದು?" ಎಂದು ಮಾದಪ್ಪ ಮುನಿಸಿಕೊಂಡ. ತಿಂಗಳೊಳಗೆ ಆ ಮೊಳೆಗೆ ಬೇರೊಬ್ಬ ವಿದ್ಯಾವಂತ ಬಂದ. ಆ ವರ್ಷದ ಅಕ್ಕಿಯನ್ನು ನಾವು ಆಗಲೇ ಉಂಡು ಮುಗಿಸಿದ್ದೆವು. ಅಜ್ಜಿಗೆ ನಿಜ ಹೇಳಬೇಕೆಂದು ಎರಡು ಸಲ ಬಸ್ ಸ್ಟ್ಯಾಂಡಿನವರೆಗೆ ಹೋದೆ. ಎರಡು ಸಲವೂ ಕಾಫಿ ಕುಡಿದು ಹಿಂದಿರುಗಿದೆ.

ಈಗ ನನಗೂ ಆಗಾಗ ತಲೆ ತಿರುಗುತ್ತದೆ. ಡಾಕ್ಟರು ನಗುತ್ತಾ "ವಯಸ್ಸು" ಎನ್ನುತ್ತಾರೆ. ನಾನು ಮನೆಗೆ ಬಂದು, ಕನ್ನಡಕ ಹಾಕಿಕೊಂಡು, ಪಟ್ಟಿಗಳನ್ನೆಲ್ಲ ತಿರುಗಿಸಿ ಓದುತ್ತೇನೆ. ಹಿಂದೊಮ್ಮೆ ಹಾಗೆಯೇ "ವಯಸ್ಸು" ಎಂದ ಒಬ್ಬನನ್ನು ನಾನು ಬಹಳ ಹತ್ತಿರದಿಂದ ಬಲ್ಲೆ.