ಬೋರ್ಡಿಗೆ ಹಾಕಿದ ಚೆಂಡುಹೂವಿನ ಮಾಲೆ

ನನಗೆ ಹೊಟ್ಟೆಕಿಚ್ಚಿನ ಸ್ವಭಾವವಿಲ್ಲ. ಕಾನ್ವೆಂಟಿನ ಸಿಸ್ಟರುಗಳು ಅದನ್ನು ಚಿಕ್ಕಂದಿನಲ್ಲೇ ಬಿಡಿಸಿದ್ದರು. ಹಾಗೆಂದೇ ನಂಬಿದ್ದೆ, ಮಗಳ ಹೈಸ್ಕೂಲಿಗೆ ಆ ಸ್ಮಾರ್ಟ್ ಬೋರ್ಡು ಬರುವ ತನಕ.

ಒಂಬತ್ತನೆಯ ತರಗತಿಯ ವಿದ್ಯಾ ದಿನಾ ಸಂಜೆ ಅಡುಗೆಮನೆಯ ಕಟ್ಟೆ ಹತ್ತಿ ಕೂತು ನನ್ನಿಂದಲೇ ಗಣಿತ ಹೇಳಿಸಿಕೊಳ್ಳುತ್ತಿದ್ದಳು. ಚಪಾತಿ ಲಟ್ಟಿಸುತ್ತಲೇ ನಾನು ವೃತ್ತ, ತ್ರಿಜ್ಯ ಎಲ್ಲವನ್ನೂ ಹಿಟ್ಟಿನಲ್ಲಿ ಬರೆದು ತೋರಿಸುತ್ತಿದ್ದೆ. ದಿನದಲ್ಲಿ ಅವಳು ಪೂರ್ತಿ ನನ್ನವಳಾಗಿರುತ್ತಿದ್ದುದು ಅದೊಂದೇ ಹೊತ್ತು. ಈಗ?

“ಬ್ಯಾಡ ಮಮ್ಮಿ. ಟೀಚರ್ ಬೆರಳಿಂದ ಮುಟ್ಟಿದ್ರ ಸಾಕು, ಬೋರ್ಡಿನ್ಯಾಗ ತ್ರಿಕೋನ ತಾನ ತಿರಗತೈತಿ. ನಿನ್ನ ಚಪಾತಿ ತಿರಗಂಗಿಲ್ಲ.”

ಗೋವೆಯ ಈ ಫೋಂಡಾ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ನಮ್ಮವರ ಮುಂದೆ ದುಃಖ ತೋಡಿಕೊಂಡೆ. “ಏನ್ ಮಾರಾಯ್ತಿ, ಗೋಡಿಗೆ ತೂಗು ಹಾಕಿದ್ದಕ್ಕ ಸವತಿ ಮತ್ಸರ ಮಾಡಾಕತ್ತಿಯಲ್ಲ,” ಎಂದರು.

ದಸರೆಯ ಹೊತ್ತಿಗೆ ಶಾಲೆಯವರು ಬೋರ್ಡು ತೋರಿಸಲು ಪಾಲಕರನ್ನೆಲ್ಲ ಕರೆದರು. ಖಂಡೇನವಮಿಗೆ ನಮ್ಮ ಅಂಗಡಿಯ ಕತ್ತರಿ, ಗಜಕೋಲುಗಳಿಗೆ ಪೂಜೆ ಮಾಡುವವಳು ನಾನೇ. ಹೊಸ ಸಾಮಾನಿಗೆ ಪೂಜೆಯಿಲ್ಲದಿದ್ದರೆ ಹೇಗೆ ಎಂದು ಮುಂದಾದೆ. ಹೆಡ್‌ಮಿಸ್ಟ್ರೆಸ್ ಒಪ್ಪಿದರು. ಹತ್ತಿರದಿಂದ ನೋಡಿದರೆ ವೈರಿ ಚೆಂದವೇ ಇತ್ತು: ಹಾಲಿನಂಥ ಮೈ, ಸುತ್ತಲೂ ಕಪ್ಪು ಅಂಚು. ಮೇಲಿನ ಎರಡೂ ಮೂಲೆಗೆ ಟೇಪು ಹಚ್ಚಿ ದಪ್ಪನೆಯ ಚೆಂಡುಹೂವಿನ ಮಾಲೆ ಇಳಿಬಿಟ್ಟೆ. ನನ್ನ ಔದಾರ್ಯಕ್ಕೆ ನಾನೇ ಕರಗಿಹೋದೆ.

ಗಣಿತದ ಟೀಚರ್ ಬೋರ್ಡು ಹಚ್ಚಿ ವೃತ್ತ ಬರೆಯಲು ಬೆರಳೆತ್ತಿದರು. ಅವರು ಮುಟ್ಟುವ ಮೊದಲೇ ಬೋರ್ಡು ತಾನೇ ಗೀಚತೊಡಗಿತು! ಫ್ಯಾನಿನ ಗಾಳಿ ಬೀಸಿದಂತೆಲ್ಲ ಅಡ್ಡಗೆರೆ, ಸೊಟ್ಟಗೆರೆ. “ಅರೇ ದೇವಾ, ಕಿತೆಂ ಜಾಲೆಂ ಹಾಕಾ?” ಎಂದು, ಇದಕ್ಕೇನಾಯಿತೋ ಎಂಬ ಗಾಬರಿಯಲ್ಲಿ, ಟೀಚರ್ ವೈರು ಕಿತ್ತು ಸಿಕ್ಕಿಸಿದರು, ಕಂಪ್ಯೂಟರು ಆರಿಸಿ ಹಚ್ಚಿದರು. ಬೋರ್ಡಿನ ಸನ್ನಿ ಇಳಿಯಲಿಲ್ಲ.

ದೇವರಾಣೆ, ನಾನು ನಗಲಿಲ್ಲ. ಸೆರಗಿನೊಳಗೆ ನಕ್ಕೆ, ಅಷ್ಟೇ. ಆಮೇಲೆ ಎದ್ದು ನಿಂತು, ಒಂದು ಚಾಕ್‌ಪೀಸ್ ದಯಪಾಲಿಸಿದರೆ ವೃತ್ತವನ್ನು ನಾನೇ ಹೇಳಿಕೊಡುವೆನೆಂದು ನನ್ನ ಶುದ್ಧ ಕಾನ್ವೆಂಟ್ ಇಂಗ್ಲಿಷಿನಲ್ಲಿ ವಿನಂತಿಸಿದೆ.

ಅಷ್ಟರಲ್ಲಿ ವಿದ್ಯಾ ಎದ್ದು ಬಂದು ಮಾಲೆ ಕಿತ್ತು ನನ್ನ ಕೈಗಿಟ್ಟಳು. ಬೋರ್ಡು ಗಪ್ಪಾಯಿತು.

“ಮಮ್ಮಿ, ಅಂಚಿನ್ಯಾಗಿಂದ ಕಣ್ಣಿಗೆ ಕಾಣದ ಬೆಳಕ ಹರೀತಿರತೈತಿ. ನಿನ್ನ ಹೂವು ಅಡ್ಡ ಬಂದ್ವು. ಬೋರ್ಡು ಅವನ್ನ ಬೆರಳು ಅಂತ ತಿಳಕೊಂಡೈತಿ.”

ಇದನ್ನೇ ಟೀಚರಿಗೆ ಕೊಂಕಣಿಯಲ್ಲೂ ಹೇಳಿದಳು. ಯಾರಿಗೂ ತಿಳಿಯದೆ ಉಳಿಯಬಾರದಲ್ಲ! ಇಡೀ ಕೋಣೆ ನನ್ನತ್ತ ತಿರುಗಿತು, ಆ ತ್ರಿಕೋನದಷ್ಟೇ ಸಲೀಸಾಗಿ.

ಅಂದು ಸಂಜೆ ಅವಳು ತಾನಾಗಿಯೇ ಅಡುಗೆಮನೆಗೆ ಬಂದು ಕಟ್ಟೆ ಹತ್ತಿದಳು. ಹಿಟ್ಟು ಹರಡಿ, “ಯಾವ ಲೆಕ್ಕ?” ಎಂದೆ.

“ಲೆಕ್ಕ ಎಲ್ಲಾ ಆಗೇತಿ. ಆ ಬೋರ್ಡ್ ಹೆಂಗ ಕೆಲಸಾ ಮಾಡತೈತಿ ಅಂತ ಹೇಳ್ತೀನಿ, ಕೇಳು. ಇಲ್ಲಂದ್ರ ಮುಂದಿನ ವರ್ಷ ಮತ್ತ ಹಾರ ತರ್ತೀ.”

ಹಿಟ್ಟಿನಲ್ಲಿ ಗೆರೆ ಎಳೆದೆಳೆದು ವಿವರಿಸಿದಳು. ನಾನು ಅವಳ ಮುಖವನ್ನೇ ನೋಡುತ್ತ ಕೂತೆ.

“ತಿಳೀತೇನು?”

“ಇನ್ನೊಮ್ಮಿ ಹೇಳವಾ.”

ಮತ್ತೆ ಹೇಳಿದಳು. ನಾನು ಮತ್ತೆ ಕೇಳಿದೆ. ಕೊನೆಗೆ ಕೈ ಝಾಡಿಸಿಕೊಂಡು ಕೆಳಗಿಳಿದಳು.

“ಹಿಟ್ಟಿನ್ಯಾಗ ನಿನಗ ತಿಳಿಯೂದಿಲ್ಲ ಮಮ್ಮಿ. ಬೋರ್ಡಿನ್ಯಾಗನ ತೋರಿಸಬೇಕು.”