ಅತ್ತೆ ನಡೆಸಿದ ಅಪಾಯದ ಸರ್ವೆ

ದಿಬ್ಬೂರಹಳ್ಳಿಯಲ್ಲಿ ಯಾರ ಮನೆ ಯಾವಾಗ ಬೀಳುತ್ತದೆ ಅನ್ನೋದು ಆ ಮನೆಯವರಿಗಿಂತ ಮೊದಲು ಗೊತ್ತಾಗುವುದು ನಮ್ಮ ಸೋದರತ್ತೆಗೆ! ಇವತ್ತಿನವರೆಗೆ ಒಂದೂ ಬಿದ್ದಿಲ್ಲ, ಆ ಮಾತು ಬೇರೆ. ಅದಕ್ಕೂ ಅತ್ತೆಯ ಉತ್ತರ ಸಿದ್ಧ: "ನಾನು ನೋಡ್ಕೊಂಡಿರೋದಕ್ಕೇ ನಿಂತಿರೋದು ಕಣೋ!"

ಮೊದಲು ಅವರು ಹೀಗಿರಲಿಲ್ಲ. ಎಲ್ಲರಂತೆ ರೇಷ್ಮೆಹುಳು ಸಾಕಿಕೊಂಡು, ಎಲ್ಲರಂತೆ ಪಕ್ಕದ ಮನೆಯವರನ್ನು ಬೈದುಕೊಂಡು ಸುಖವಾಗಿದ್ದರು. ಊರಲ್ಲಿ ಪ್ರಕೃತಿ ವಿಕೋಪದ ಅಪಾಯ ಎಲ್ಲೆಲ್ಲಿದೆ ಅಂತ ಸರ್ವೆ ಮಾಡಬೇಕು, ಮಹಿಳಾ ಸಂಘದಿಂದ ಯಾರನ್ನಾದರೂ ಕಳಿಸಿ ಎಂದು ಪಂಚಾಯಿತಿಯವರು ಕೇಳಿದರು. ಬೇರೆ ಯಾರಿಗೂ ಪುರುಸೊತ್ತಿರಲಿಲ್ಲ. ಅತ್ತೆ ಶಿಡ್ಲಘಟ್ಟಕ್ಕೆ ಹೋಗಿ ತರಬೇತಿ ಮುಗಿಸಿ, ಕೊರಳಿಗೆ ಗುರುತಿನ ಕಾರ್ಡು ನೇತುಹಾಕಿಕೊಂಡು ಬಸ್ಸಿಳಿದರು. ಊರಿಗೆ ಬಂದ ಮೊದಲ ವಿಕೋಪ ಅದೇ!

ಶುರುವಾಗಿದ್ದು ಸ್ವಂತ ಮನೆಯಿಂದಲೇ. ಅಟ್ಟದ ಕೆಳಗೆ ಗೊರಕೆ ಹೊಡೆಯುತ್ತಿದ್ದ ಮಾವನನ್ನು ಎಬ್ಬಿಸಿ, "ಮೇಲಿರೋ ಹಂಡೆ ತಲೆ ಮೇಲೆ ಬಿದ್ರೆ?" ಎಂದು ಹಾಸಿಗೆಯನ್ನು ಹುಳುಮನೆಗೆ ಸಾಗಿಸಿದರು. ಹಂಡೆ ಇಳಿಸಿದ್ದರೆ ಸಾಕಿತ್ತಲ್ಲವೇ? ಕೇಳುವ ಧೈರ್ಯ ಯಾರಿಗಿದೆ! ಮಾವ ಮಾತ್ರ ನನ್ನ ಕಿವಿಯಲ್ಲಿ, "ಅಲ್ಲೇ ವಾಸಿ ಕಣಪ್ಪ. ಹುಳ ಸೊಪ್ಪು ತಿನ್ನುತ್ವೆ, ತಲೆ ತಿನ್ನಲ್ಲ" ಅಂದರು.

ನನ್ನ ತಮ್ಮನಿಗೆ ಹೆಣ್ಣು ನೋಡಲು ಚಿಂತಾಮಣಿಗೆ ಹೋದೆವು. ನಾವೆಲ್ಲ ಹುಡುಗಿಯನ್ನು ನೋಡುತ್ತಿದ್ದರೆ ಅತ್ತೆ ಗೋಡೆ ನೋಡುತ್ತಿದ್ದರು.

"ಹುಡುಗಿ ಲಕ್ಷಣವಾಗಿದ್ದಾಳೆ. ಗೋಡೆ ಬಿರುಕು ಬಿಟ್ಟಿದೆ."

"ಅಯ್ಯೋ, ನಮ್ಮನೆಗೆ ಬರೋದು ಹುಡುಗಿ, ಗೋಡೆ ಅಲ್ವಲ್ಲ!" ಎಂದು ಅಮ್ಮ ಪಿಸುಗುಟ್ಟಿದಳು.

"ಹೆರಿಗೆಗೆ ತವರಿಗೆ ಬರಲ್ವಾ? ಆಗ?"

ಹುಡುಗಿಯ ಅಪ್ಪ ಎದ್ದು ಹೋಗಿ ಬಿರುಕು ಮುಟ್ಟಿ ನೋಡಿದರು. ಸಂಬಂಧವೇನೋ ಕುದುರಿತು. ಆದರೆ ಆ ಮನೆಗೆ ಪುರೋಹಿತರಿಗಿಂತ ಮೊದಲು ಗಾರೆ ಕೆಲಸದವರು ಬಂದರು!

ಆಮೇಲೆ ಬೀದಿಗೇ ತಾಲೀಮು. ತಾವು ತಟ್ಟೆ ಬಡಿದ ಕೂಡಲೇ ಎಲ್ಲರೂ ಮನೆಯಿಂದ ಓಡಿಬಂದು ಕಣದಲ್ಲಿ ನಿಲ್ಲಬೇಕು ಅಂತ ಅತ್ತೆಯ ಅಪ್ಪಣೆ. ಮೊದಲ ಸಲ ಬಡಿದಾಗ ಜನ ಬಂದರು, ಸುಳ್ಳಲ್ಲ. ಯಾರೋ ಪ್ರಸಾದ ಹಂಚುತ್ತಿದ್ದಾರೆ ಅಂದುಕೊಂಡು ಪಾತ್ರೆ ಸಮೇತ ಬಂದರು!

ಹೀಗಿರುವಾಗ ಒಂದು ಬೆಳಿಗ್ಗೆ ನೆಲದೊಳಗಿಂದ ಗುಡುಗಿನಂಥ ಸದ್ದು ಬಂತು. ರಜಕ್ಕೆ ಹೋಗಿದ್ದ ನಾನು ಅತ್ತೆಯ ಮನೆ ಜಗಲಿ ಮೇಲೆ ಕಾಫಿ ಕುಡಿಯುತ್ತಿದ್ದೆ. ಲೋಟ ಅಲ್ಲಾಡಿತು, ಅಡುಗೆಮನೆಯ ಪಾತ್ರೆಗಳು ದಡಬಡ ಉರುಳಿದವು. ಅತ್ತೆಯ ತಟ್ಟೆ ಢಣಢಣ ಅಂದಿತು. ಬೀದಿಗೆ ಬೀದಿಯೇ ಕಣದಲ್ಲಿ! ಈ ಸಲ ಯಾರ ಕೈಯಲ್ಲೂ ಪಾತ್ರೆ ಇರಲಿಲ್ಲ.

ನೋಡಿದರೆ ಅತ್ತೆಯೇ ಇಲ್ಲ.

ವಾಪಸ್ಸು ಓಡಿದೆ. ಒಳಕೋಣೆಯಲ್ಲಿ, ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದ ಅಜ್ಜಿಯನ್ನು, ಅಂದರೆ ಮಾವನ ತಾಯಿಯನ್ನು, ನಮ್ಮತ್ತೆ ಕವುಚಿಕೊಂಡು ಮಲಗಿದ್ದರು. ಕೆಳಗಿನಿಂದ ಅಜ್ಜಿ ಚೀರುತ್ತಿದ್ದರು: "ಅಯ್ಯೋ ದೇವುಡಾ! ಭೂಮಿ ಅಲ್ಲಾಡಿದ್ದು ನಿಂತೋಯ್ತು, ಏಳೇ! ನಿನ್ನ ಭಾರಕ್ಕೇ ಸಾಯ್ತೀನಿ!"

"ಸುಮ್ನಿರಿ. ಇನ್ನೊಂದ್ಸಲ ಬಂದ್ರೂ ಬರಬೌದು."

"ಹೊರಗೆ ಓಡ್ಬೇಕು ಅಂತ ಊರಿಗೆಲ್ಲ ಹೇಳ್ಕೊಟ್ಟಿದ್ದು ನೀವೇ ಅಲ್ವಾ ಅತ್ತೆ?" ಅಂದೆ.

"ಅದು ಓಡೋರಿಗೆ ಕಣಪ್ಪ" ಎಂದರು. "ಇವರಿಗೆ ಓಡಕ್ಕಾಗುತ್ತಾ?"

ಅಜ್ಜಿ ಬೈಗುಳ ನಿಲ್ಲಿಸಲಿಲ್ಲ. ಬೈಯುತ್ತಲೇ ಕೈಯೆತ್ತಿ, ಸೊಸೆಯ ಕೂದಲಲ್ಲಿ ಉದುರಿದ್ದ ಸುಣ್ಣದ ಚಕ್ಕೆಗಳನ್ನು ಒಂದೊಂದಾಗಿ ತೆಗೆಯತೊಡಗಿದರು.